ಏರಿಗೂ ನೀರಿಗೂ

ನಮ್ಮಪ್ಪ ಕ್ರೈನ್‌ನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ.
ಏರಿಗೆ ಕಲ್ಲು ಕೂರಿಸುವಾಗ ಹೋದದ್ದು.
ಕಡಲು ಸಾಲ ಇಸಕೊಂಡಿದೆ, ಎಂದಾದರೂ ತಿರುಗಿಸುತ್ತೆ, ಎನ್ನುತ್ತಿದ್ದ.

ನಮ್ಮೂರು ಕಡಲಿಗಿಂತ ತಗ್ಗು.
ಆಲೂಗಡ್ಡೆ ಹೊಲದಲ್ಲಿ ನಿಂತು ತಲೆಯೆತ್ತಿದರೆ
ಹಡಗು ಹೋಗುತ್ತಿತ್ತು, ಮಾಡಿನ ಮೇಲೆ ಬೆಕ್ಕು ಹೋದ ಹಾಗೆ.
ನಡುವೆ ಏರಿ.
ಏರಿಯೊಳಗೆ ಅಜ್ಜ ಹೆಣೆದ ವಿಲೋ ಕಡ್ಡಿಯ ಚಾಪೆ,
ಅದರಡಿ ಮುತ್ತಜ್ಜ ತುಳಿದ ಜೇಡಿ,
ಅದರಡಿ ಯಾರ್ಯಾರದೋ ಬೆವರು, ಲೆಕ್ಕ ಇಟ್ಟವರಿಲ್ಲ.

ಅಕ್ಟೋಬರ್‌ನಲ್ಲಿ ಆಕಾಶದಿಂದ ಚೀಟಿ ಉದುರಿದವು:
ಊರು ಬಿಡಿ, ತಡ ಮಾಡಬೇಡಿ.
ಚಿಕ್ಕಮ್ಮ ಪೀಟರ್ನೆಲ್ಲ ಒಂದನ್ನು ಹೆಕ್ಕಿ
ಎರಡೂ ಬದಿ ತಿರುಗಿಸಿ ನೋಡಿದಳು.
ಎಲ್ಲಿಗೆ ಅಂತ ಬರೆದಿರಲಿಲ್ಲ.
ದ್ವೀಪ ಇದು. ಹೊರಡುವುದೆಂದರೆ ಒದ್ದೆಯಾಗುವುದು.

ಮಾರನೆಯ ಮಧ್ಯಾಹ್ನ ನಮ್ಮ ಕಡೆಯವರ ವಿಮಾನಗಳು ಬಂದವು.
ನಮ್ಮ ಕಡೆಯವರು. ಈ ಮಾತನ್ನು ಈಗಲೂ
ಬಾಯಲ್ಲಿ ಒಂದು ಸುತ್ತು ಹೊರಳಿಸಿಯೇ ಆಡುತ್ತೇನೆ.
ಶತ್ರುವನ್ನು ಮುಳುಗಿಸಲು ಏರಿ ಒಡೆದರು.
ತಲೆತಲಾಂತರ ಬಾಗಿಲಲ್ಲಿ ಕಾದು ನಿಂತಿದ್ದ ನೀರು
ಹೊಸ್ತಿಲನ್ನು ಕೇಳದೆ ಒಳಗೆ ಬಂತು.
ಬೇಕರಿಯ ನೆಲಮಾಳಿಗೆಯಲ್ಲಿ ಪೀಟರ್ನೆಲ್ಲ,
ಅವಳ ಮಡಿಲಲ್ಲಿ ಮೂರು ವರ್ಷದ ವಿಸ್ಸೆ.
ಬಾಗಿಲಿಗೆ ಒಲೆಯ ಇಟ್ಟಿಗೆಗಳು ಅಡ್ಡ ಬಿದ್ದಿದ್ದವು.
ಮಿಕ್ಕಿದ್ದನ್ನು ಅಪ್ಪ ಹೇಳಲಿಲ್ಲ.
ನಾನೂ ಹೇಳುವುದಿಲ್ಲ.

ಆಮೇಲೆ ನಾಲ್ಕು ವಾರ ಕಡಲು ನಮ್ಮೊಡನೆ ಸಂಸಾರ ಮಾಡಿತು.
ದಿನಕ್ಕೆರಡು ಸಲ ಅಡುಗೆಮನೆಗೆ ಬರುತ್ತಿತ್ತು, ಎರಡು ಸಲ ಹೋಗುತ್ತಿತ್ತು.
ಬರುವಾಗ ಏಡಿ ತರುತ್ತಿತ್ತು, ಹೋಗುವಾಗ ಚಮಚ ಒಯ್ಯುತ್ತಿತ್ತು.
ಅಟ್ಟದ ಮೇಲೆ ನಾವು ಮೂವರು, ಒಂದು ಆಡು, ನಿಂತ ಗಡಿಯಾರ.
ಅಪ್ಪ ಕಿಟಕಿಯಿಂದ ಕಂಡಿಯನ್ನೇ ನೋಡುತ್ತ
ಇಷ್ಟು ಕಲ್ಲು, ಇಷ್ಟು ಕಡ್ಡಿ, ಇಷ್ಟು ಆಳು ಎಂದು ಗೋಡೆಗೆ ಗೀಚುತ್ತಿದ್ದ.
ಒಂದೊಂದು ಉಬ್ಬರಕ್ಕೂ ಕಂಡಿ ಬೆಳೆಯುತ್ತಿತ್ತು,
ಗೋಡೆ ಸಾಲಲಿಲ್ಲ.
ಏರಿಯ ನೆತ್ತಿಯಲ್ಲಿ, ಕಾಂಕ್ರೀಟ್ ಗೂಡಿನಲ್ಲಿ,
ಮುಳುಗಬೇಕಾದವರು ಬೆಚ್ಚಗೆ ಒಣಗಿದ್ದರು.

ನವೆಂಬರ್ ಮೊದಲ ಬೆಳಗು.
ಒಂದು ದೋಣಿ ಉರಿಯುತ್ತ ಬಂತು, ಉರಿಯುತ್ತಲೇ ಮುಳುಗಿತು.
ನೀರಿನೊಳಗೂ ಬೆಂಕಿ ಬದುಕುತ್ತದೆಂದು ಅವತ್ತು ಕಂಡೆ.
ಆಮೇಲೆ ಅದೇ ಕಂಡಿಯಲ್ಲಿ
ಸರಪಳಿ ಸುತ್ತಿಕೊಂಡ ಬಂಡಿಗಳು ನುಗ್ಗಿದವು,
ಹೊಳೆಗಿಳಿದ ದನದಂತೆ ಮೂತಿಯಷ್ಟೇ ಮೇಲಿಟ್ಟು.
ಎಮ್ಮೆ ಅಂತಲೇ ಅವುಗಳ ಹೆಸರಂತೆ.
ಎತ್ತು ಏರಿಗೆಳೆದರೆ ಎಮ್ಮೆ ನೀರಿಗೆಳೆಯುತ್ತದೆ ಅನ್ನುತ್ತಾರಲ್ಲ,
ಇವು ಎರಡಕ್ಕೂ ಎಳೆದವು.
ನೊಗದಲ್ಲಿ ನಮ್ಮೂರಿತ್ತು.

ಸಂಜೆಗೆ ಸದ್ದು ನಿಂತಿತು.
ಗೂಡಿನಿಂದ ಕೈಯೆತ್ತಿ ಬಂದವರಲ್ಲಿ
ಹೊಟ್ಟೆಹುಣ್ಣಿನ ಆ ಜರ್ಮನನೂ ಇದ್ದ, ಬೇಸಿಗೆಯಲ್ಲಿ ಹಾಲು ಕೇಳಿ ಬರುತ್ತಿದ್ದವನು.
ಎತ್ತಿದ ಕೈಯೊಂದರಲ್ಲಿ ನಮ್ಮದೇ ಹಾಲಿನ ಕ್ಯಾನು.
ಅಮ್ಮ ಹಲಗೆ ದಾಟಿ ಹೋಗಿ ಇಸಕೊಂಡಳು.
ಇಬ್ಬರೂ ಮಾತಾಡಲಿಲ್ಲ.

ನಮ್ಮನ್ನು ಬಿಡಿಸಿದವನು ಸ್ಕಾಟ್ಲೆಂಡಿನ ಹುಡುಗ,
ಕೆಂಪು ಹುಬ್ಬು, ಎದೆಮಟ್ಟ ಒದ್ದೆ, ನಡುಕ ನಿಂತಿರಲಿಲ್ಲ.
ಜೇಬಿನಿಂದ ನನಗೊಂದು ಬಿಸ್ಕತ್ತು ಕೊಟ್ಟ. ಉಪ್ಪುಪ್ಪಾಗಿತ್ತು.
ಕೈಯನ್ನು ಅಗಲಕ್ಕೆ ಬೀಸಿ ಏನೋ ಹೇಳಿದ.
ಎಲ್ಲ ಇನ್ನು ನಿಮ್ಮದು ಅಂದಿರಬೇಕು.
ಅವನ ಕೈ ತೋರಿದಲ್ಲೆಲ್ಲ ಕಡಲಿತ್ತು.

ಅಪ್ಪ ಟೊಪ್ಪಿಗೆ ತೆಗೆದು ತಲೆ ಬಾಗಿಸಿದ.
ಆಮೇಲೆ ಉಗುರಿಲ್ಲದ ಬೆರಳಿನಿಂದ ಕಂಡಿಯನ್ನು ತೋರಿಸಿ
ಎರಡೂ ಅಂಗೈಗಳನ್ನು ಮೆಲ್ಲಗೆ ಹತ್ತಿರ ತಂದು ಕೂಡಿಸಿದ,
ಬಾಗಿಲು ಮುಚ್ಚಿದ ಹಾಗೆ.
ಯಾವಾಗ, ಎಂದು ಹುಬ್ಬಿನಲ್ಲೇ ಕೇಳಿದ.

ಹುಡುಗ ಪ್ರಾರ್ಥನೆ ಅಂದುಕೊಂಡ.
ಬಂದೂಕನ್ನು ಗೋಡೆಗಾನಿಸಿ ತಾನೂ ಕೈ ಜೋಡಿಸಿದ.
ಹಾಗೇ ನಿಂತರು ಇಬ್ಬರೂ, ಸುಮಾರು ಹೊತ್ತು.
ನಾನು ಬಿಸ್ಕತ್ತು ಮುಗಿಸಿದೆ.
ಉಬ್ಬರಕ್ಕೆ ಇನ್ನೂ ಒಂದು ಗಂಟೆಯಿತ್ತು.